ಗರಣೆ ಕರಗುವ ಕಾಲ

ಮೀನಖಂಡದ ನೋವಿಗೆ ನಮ್ಮ ಮನೆಗಳಲ್ಲಿ ಉತ್ತರಗಳು ಸಿದ್ಧವಾಗಿರುತ್ತವೆ. ನರ ಹಿಡಿದುಕೊಂಡಿದೆ, ನಿನ್ನೆ ಜಾಸ್ತಿ ಓಡಾಡಿದ್ದಾಯಿತು, ವಾಯು, ವಯಸ್ಸು. ಎಣ್ಣೆ ಬಿಸಿ ಮಾಡಿ ನೀವುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ. ಹೆಚ್ಚಿನ ಸಲ ಅಷ್ಟರಲ್ಲೇ ನೋವು ಹೋಗುತ್ತದೆ. ಆದರೆ ಊತ ಒಂದೇ ಕಾಲಿನಲ್ಲಿದ್ದು, ಆ ಕಾಲು ಇನ್ನೊಂದಕ್ಕಿಂತ ದಪ್ಪಗಾಗಿ, ಮುಟ್ಟಿದರೆ ಬೆಚ್ಚಗಿದ್ದು, ಬಣ್ಣ ಕೆಂಪಗೋ ನೀಲಿಗೋ ತಿರುಗಿದ್ದರೆ ಆ ಕಾಲನ್ನು ಯಾರೂ ಉಜ್ಜಬಾರದು. ಆಳದ ಅಭಿಧಮನಿಯಲ್ಲಿ ರಕ್ತ ಗರಣೆಗಟ್ಟಿರಬಹುದು. ಹಾಗೆ ಉಜ್ಜಿದ ಮೇಲೆ ಗರಣೆಯ ತುಂಡು ಕಿತ್ತುಕೊಂಡು ಶ್ವಾಸಕೋಶ ಸೇರಿದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ.

ವೈದ್ಯರು ಇದನ್ನು ಡೀಪ್ ವೇಯ್ನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ ಎನ್ನುತ್ತಾರೆ. ಚರ್ಮದ ಕೆಳಗೆ ಸುರುಳಿ ಸುತ್ತಿಕೊಂಡು ಕಾಣುವ ವೆರಿಕೋಸ್ ನರಗಳ ತೊಂದರೆಯೇ ಬೇರೆ. ಡಿವಿಟಿ ಆಗುವುದು ಹೊರಗೆ ಕಾಣದ, ಸ್ನಾಯುಗಳ ನಡುವಿನ ದೊಡ್ಡ ನಾಳದಲ್ಲಿ. ಯುರೋಪ್, ಅಮೆರಿಕಗಳ ಲೆಕ್ಕದ ಪ್ರಕಾರ ಸಾವಿರ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಇಂಥ ಗರಣೆ ಆಗುತ್ತದೆ. ಯೌವನದಲ್ಲಿ ಅಪರೂಪವಾದ ಇದು ನಲವತ್ತು ದಾಟಿದ ಮೇಲೆ ಏರುತ್ತಾ ಹೋಗುತ್ತದೆ.

ಕಾಲಿಗೆ ಇಳಿದ ರಕ್ತವನ್ನು ಮತ್ತೆ ಎದೆಯವರೆಗೆ ಏರಿಸಲು ಹೃದಯದ ಬಡಿತವೊಂದೇ ಸಾಲದು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ನಾಳದೊಳಗಿನ ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಪ್ರತಿ ಕವಾಟದ ಹಿಂದೆ ಒಂದು ಪುಟ್ಟ ಕುಳಿಯಿದೆ. ಗಂಟೆಗಟ್ಟಲೆ ಕಾಲು ಅಲುಗಾಡದಿದ್ದರೆ ಅಲ್ಲಿ ರಕ್ತ ನಿಂತುಬಿಡುತ್ತದೆ, ಆಮ್ಲಜನಕ ಕುಸಿಯುತ್ತದೆ, ನಾಳದ ಒಳಪದರ ಕೆರಳುತ್ತದೆ. ಗರಣೆಯ ಮೊದಲ ಎಳೆಗಳು ಹೆಚ್ಚಾಗಿ ಹುಟ್ಟುವುದು ಈ ಕುಳಿಗಳಲ್ಲೇ. ಬಲಗಾಲಿಗಿಂತ ಎಡಗಾಲಿನಲ್ಲಿ ಇದು ಹೆಚ್ಚು, ಏಕೆಂದರೆ ಎಡಗಾಲಿನಿಂದ ಮೇಲೇರುವ ಅಭಿಧಮನಿಯ ಮೇಲೆ ಕಿಬ್ಬೊಟ್ಟೆಯಲ್ಲಿ ಒಂದು ಅಪಧಮನಿ ಅಡ್ಡಹಾಯ್ದು ಅದನ್ನು ಅದುಮುತ್ತಿರುತ್ತದೆ.

ಶ್ವಾಸಕೋಶದಲ್ಲಿ ಸಿಗುವ ಗರಣೆ ಅಲ್ಲೇ ಹುಟ್ಟಿದ್ದಲ್ಲ, ಬೇರೆಲ್ಲೋ ಹುಟ್ಟಿ ರಕ್ತದೊಂದಿಗೆ ಬಂದು ಸಿಕ್ಕಿಕೊಂಡದ್ದು ಎಂದು ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಶೋ. ರಕ್ತ ನಿಲ್ಲುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಅವರ ಹೆಸರಿನಲ್ಲೇ ಕಲಿಸುತ್ತಾರೆ. ಅವರು ಹುಟ್ಟಿದ ಅಕ್ಟೋಬರ್ 13ನ್ನು 2014ರಿಂದ ವಿಶ್ವ ಥ್ರಾಂಬೋಸಿಸ್ ದಿನವಾಗಿ ಆಚರಿಸಲಾಗುತ್ತಿದೆ.

ಮೊದಲ ಕಾರಣ ಎಷ್ಟು ಬಲವಾದದ್ದು ಎಂಬುದು ಯುದ್ಧಕಾಲದ ಲಂಡನ್‌ನಲ್ಲಿ ಕಂಡಿತು. 1940ರಲ್ಲಿ ಜರ್ಮನ್ ವಿಮಾನಗಳು ಬಾಂಬ್ ಸುರಿಸುತ್ತಿದ್ದಾಗ ಜನ ನೆಲಮಾಳಿಗೆಯ ಆಸರೆಗಳಲ್ಲಿ ಕ್ಯಾನ್ವಾಸಿನ ಮಡಚು ಕುರ್ಚಿಗಳ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದರು. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ಇಟ್ಟವರು ಕುಸಿದು ಸಾಯತೊಡಗಿದರು. ಶವಪರೀಕ್ಷೆ ಮಾಡುತ್ತಿದ್ದ ಕೀತ್ ಸಿಂಪ್ಸನ್, ಶ್ವಾಸಕೋಶದ ಗರಣೆಯಿಂದಾಗುವ ಸಾವು ಹಿಂದಿನ ವರ್ಷಕ್ಕಿಂತ ಸುಮಾರು ಆರು ಪಟ್ಟು ಏರಿದೆ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಕುರ್ಚಿ ಬಿಟ್ಟು ಮಲಗುವ ಹಾಸಿಗೆ ಕೊಡಬೇಕೆಂಬುದು ಅವರ ಸಲಹೆಯಾಗಿತ್ತು.

ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಡುವ ಐವತ್ತರ ಆಸುಪಾಸಿನ ತಾಯಂದಿರನ್ನು ಕಂಡಾಗ ನನಗೆ ಆ ಕುರ್ಚಿಗಳು ನೆನಪಾಗುತ್ತವೆ. ಪಕ್ಕದವರನ್ನು ಎಬ್ಬಿಸುವ ಸಂಕೋಚಕ್ಕೆ ನೀರನ್ನೂ ಕುಡಿಯದೆ ಹದಿನೈದು ಗಂಟೆ ಕಿಟಕಿ ಪಕ್ಕ ಮುದುಡಿ ಕೂರುವವರು ಅವರು. ಹೆದರಿ ಪ್ರಯಾಣ ಬಿಡಬೇಕಾಗಿಲ್ಲ. ನಾಲ್ಕು ಗಂಟೆ ಮೀರಿದ ಸುಮಾರು 4,600 ವಿಮಾನ ಪ್ರಯಾಣಗಳಿಗೆ ಒಂದು ಗರಣೆ ಎಂಬುದು ಅಧ್ಯಯನದ ಲೆಕ್ಕ. ಆದರೆ ಈಚೆಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯೋ ಮಂಡಿಯ ಶಸ್ತ್ರಚಿಕಿತ್ಸೆಯೋ ಆಗಿದ್ದರೆ, ಹಿಂದೆ ಗರಣೆ ಬಂದಿದ್ದರೆ, ತೂಕ ಬಹಳ ಹೆಚ್ಚಿದ್ದರೆ, ಕ್ಯಾನ್ಸರ್ ಇದ್ದರೆ ಆ ಲೆಕ್ಕ ಬೇರೆಯಾಗುತ್ತದೆ. ಅಂಥವರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕೇಳಬೇಕು, ನಡುದಾರಿಯ ಪಕ್ಕದ ಸೀಟು ಹಿಡಿಯಬೇಕು.

ನಮ್ಮಲ್ಲಿ ಗಟ್ಟಿಯಾಗಿ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಹಬ್ಬ, ಗೃಹಪ್ರವೇಶ, ತಿರುಪತಿ ಯಾತ್ರೆ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ನೇರವಾಗಿ ತಂದು ನುಂಗುವ ರೂಢಿ. ಅದು ನೊರೆಥಿಸ್ಟೆರಾನ್. ದಿನಕ್ಕೆ ಮೂರು ಮಾತ್ರೆಯ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಒಂದು ಅಂಶ ದೇಹದಲ್ಲಿ ಎಥಿನೈಲ್ ಎಸ್ಟ್ರಾಡಿಯಾಲ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಮಾತ್ರೆಗಳಲ್ಲಿದ್ದು ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚಿಸುವ ಈಸ್ಟ್ರೋಜೆನ್ ಇದೇ. ನಾಲ್ಕು ದಿನ ನುಂಗಿದ ಬಹುತೇಕ ಹೆಣ್ಣುಮಕ್ಕಳಿಗೆ ಏನೂ ಆಗುವುದಿಲ್ಲ, ನಿಜ. ಆದರೆ ನಲವತ್ತೈದರ ವಯಸ್ಸು, ಹೆಚ್ಚಿದ ತೂಕ, ಮನೆತನದಲ್ಲಿ ಗರಣೆಯ ಚರಿತ್ರೆ, ಮೇಲೆ ಇಡೀ ರಾತ್ರಿಯ ಬಸ್ ಪ್ರಯಾಣ ಎಲ್ಲ ಒಟ್ಟಿಗೆ ಸೇರಿದಾಗ ಇದು ಅಂಗಡಿಯವರನ್ನು ಕೇಳಿ ನುಂಗುವ ಮಾತ್ರೆಯಲ್ಲ. ವಿರ್ಶೋ ಹೆಸರಿನ ಮೂರು ಕಾರಣಗಳಲ್ಲಿ ಎರಡನ್ನು ನಾವೇ ಕೂಡಿಸಿಕೊಟ್ಟಂತಾಗುತ್ತದೆ.

ಕಾಲಿನ ಗರಣೆಯಿಂದ ಒಂದು ತುಂಡು ಕಳಚಿದರೆ ಅದು ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಪಲ್ಮನರಿ ಎಂಬಾಲಿಸಂ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು, ಎದೆಬಡಿತ, ಕೆಲವೊಮ್ಮೆ ಕಫದಲ್ಲಿ ರಕ್ತ, ಕೆಲವೊಮ್ಮೆ ಎಚ್ಚರ ತಪ್ಪುವುದು. ಎದೆಯೊಳಗಿನ ಯಾವ ಸಂಕಟಕ್ಕೂ ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನುವ ನಮ್ಮ ಅಭ್ಯಾಸದಿಂದ ಇಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಅವರಿಗೆ 2011ರಲ್ಲಿ ಒಮ್ಮೆ ಹೀಗಾಗಿತ್ತು. 2017ರಲ್ಲಿ ಹೆರಿಗೆಯ ಮರುದಿನ ಉಸಿರು ಕಟ್ಟಿದಾಗ ಸ್ಕ್ಯಾನ್ ಮಾಡಿ ಎಂದು ಅವರೇ ಪಟ್ಟುಹಿಡಿಯಬೇಕಾಯಿತು, ಕೊನೆಗೆ ಸಿ.ಟಿ. ಸ್ಕ್ಯಾನಿನಲ್ಲಿ ಗರಣೆಗಳು ಕಂಡವು. ತಮ್ಮ ದೇಹವನ್ನು ಅಷ್ಟು ಬಲ್ಲ ಕ್ರೀಡಾಪಟುವೇ ವಾದ ಮಾಡಬೇಕಾಯಿತು ಎಂದಮೇಲೆ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತ ಹೆಂಗಸಿನ ಮಾತನ್ನು ಕಿವಿಗೊಟ್ಟು ಕೇಳುವವರು ಎಷ್ಟು ಜನ?

ಕಾಲಿನ ಗರಣೆ ಡಾಪ್ಲರ್ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಶ್ವಾಸಕೋಶದ್ದಕ್ಕೆ ನಾಳಕ್ಕೆ ಕಾಂಟ್ರಾಸ್ಟ್ ದ್ರವ ಬಿಟ್ಟು ಮಾಡುವ ಸಿ.ಟಿ. ಬೇಕು. ಗರಣೆ ಇರುವ ಸಂಶಯ ಕಡಿಮೆಯಿದ್ದವರಲ್ಲಿ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಸಹಜವಾಗಿದ್ದರೆ ಸ್ಕ್ಯಾನ್ ಬೇಕಾಗದು.

ಇನ್ನು ಚಿಕಿತ್ಸೆ. ಇಲ್ಲೊಂದು ತಪ್ಪು ತಿಳಿವಳಿಕೆ ಎಷ್ಟು ಆಳವಾಗಿದೆ ಎಂದರೆ ರೋಗಿಗಳ ಅರ್ಧ ಸಂಕಟ ಅದರಿಂದಲೇ ಬರುತ್ತದೆ ಎಂದು ನನಗನ್ನಿಸುತ್ತದೆ. ಹೊಟ್ಟೆಗೆ ಚುಚ್ಚುವ ಹೆಪಾರಿನ್ ಆಗಲಿ, ಮನೆಗೆ ಕೊಟ್ಟು ಕಳಿಸುವ ಮಾತ್ರೆಗಳಾಗಲಿ ಗರಣೆಯನ್ನು ಕರಗಿಸುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ಎಂದು ಎಲ್ಲರೂ ಕರೆದರೂ ರಕ್ತ ತೆಳುವಾಗುವುದೂ ಇಲ್ಲ. ಗರಣೆಗೆ ಹೊಸ ಎಳೆ ಸೇರದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಕರಗಿಸುವ ಔಷಧಗಳು ಬೇರೆ ಇವೆ. ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇರುವುದರಿಂದ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬಂದವರಿಗೆ ಮಾತ್ರ ಅವನ್ನು ಕೊಡುತ್ತಾರೆ. ಉಳಿದವರಲ್ಲಿ ಗರಣೆ ಕರಗಿಸುವುದು ಅವರವರ ದೇಹವೇ. ಪ್ಲಾಸ್ಮಿನ್ ಎಂಬ ಕಿಣ್ವ ಅದರ ಎಳೆಗಳನ್ನು ಕತ್ತರಿಸುತ್ತದೆ, ಬಿಳಿ ರಕ್ತಕಣಗಳು ಅದನ್ನು ಕೊರೆದು ತೆಗೆಯುತ್ತವೆ, ಉಳಿದದ್ದು ಕುಗ್ಗಿ ನಾಳದ ಗೋಡೆಗೆ ಕಲೆಯಾಗಿ ಅಂಟಿಕೊಳ್ಳುತ್ತದೆ. ಮುಖ್ಯ ಕಾಲುವೆ ಕಟ್ಟಿದಾಗ ನೀರು ಪಕ್ಕದ ಕಿರುಗಾಲುವೆಗಳಲ್ಲಿ ದಾರಿ ಮಾಡಿಕೊಳ್ಳುವ ಹಾಗೆ ರಕ್ತವೂ ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಗ್ಗಿಸಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆಯ ಕೆಲಸ.

ಬರೀ ತಡೆಯುವ ಔಷಧ ಅಂದರೆ ಸಣ್ಣದೇನಲ್ಲ. 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಶ್ವಾಸಕೋಶದ ಗರಣೆಯ ರೋಗಿಗಳನ್ನು ಎರಡು ಗುಂಪು ಮಾಡಿದರು. ಔಷಧ ಕೊಡದ 19 ಜನರಲ್ಲಿ ಐವರು ಗರಣೆಯಿಂದ ಸತ್ತರು, ಇನ್ನೂ ಐವರಿಗೆ ಅದು ಮರುಕಳಿಸಿತು. ಔಷಧ ಕೊಟ್ಟ 16 ಜನರಲ್ಲಿ ಗರಣೆಯಿಂದ ಒಬ್ಬರೂ ಸಾಯಲಿಲ್ಲ. ಆ ಮೇಲೆ ಔಷಧ ಕೊಡದೆ ಪ್ರಯೋಗ ಮಾಡುವುದು ಯಾರಿಗೂ ಸರಿಯೆನಿಸಲಿಲ್ಲ. ಹಳೆಯ ಮಾತ್ರೆ ವಾರ್ಫರಿನ್ ಬಂದ ದಾರಿಯೂ ವಿಚಿತ್ರ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು ತಿಂದು ರಕ್ತ ನಿಲ್ಲದೆ ಸಾಯುತ್ತಿದ್ದವು. ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಆ ಮೇವಿನಿಂದ ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು.

ವಾರ್ಫರಿನ್, ಅಥವಾ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅದರ ಸಂಬಂಧಿ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಆಗಾಗ ಐ.ಎನ್.ಆರ್. ಎಂಬ, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಪರೀಕ್ಷೆ ಮಾಡಿಸಿ ಅದನ್ನು 2ರಿಂದ 3ರೊಳಗೆ ಇಟ್ಟುಕೊಳ್ಳಬೇಕು. ಇವರಿಗೆ ಸೊಪ್ಪು ಮುಟ್ಟಬೇಡಿ ಎಂದು ಯಾರೋ ಹೇಳಿರುತ್ತಾರೆ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಎದುರಾಳಿ ಎಂಬುದು ನಿಜ. ಆದರೆ ಬೇಕಾದದ್ದು ವರ್ಜನೆಯಲ್ಲ, ಸಮಪ್ರಮಾಣ. ವಾರಕ್ಕೆ ಎರಡು ಸಲ ಮಸ್ಸೊಪ್ಪು ತಿನ್ನುವವರು ಎರಡು ಸಲವೇ ತಿನ್ನಲಿ. ಒಂದು ತಿಂಗಳು ಪೂರ್ತಿ ಬಿಟ್ಟು ಆಮೇಲೆ ದಿನವೂ ನುಗ್ಗೆಸೊಪ್ಪು ತಿಂದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ರಿವರಾಕ್ಸಬಾನ್, ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಈ ಪಥ್ಯವೂ ಇಲ್ಲ, ಐ.ಎನ್.ಆರ್. ಕೂಡ ಇಲ್ಲ. ಯಾವ ಮಾತ್ರೆಯೇ ಇರಲಿ, ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾದೀತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಕಾಲದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಡಿಸ್ಚಾರ್ಜ್ ಆಯಿತು, ಮಾತ್ರೆ ನಡೆಯುತ್ತಿದೆ, ಇನ್ನೇನು ಎನ್ನುವುದು ಮನೆಯವರ ಭಾವ. ಮನೆಗೆ ಬಂದ ರೋಗಿಗೆ ಮಾತ್ರ ಒಂದು ಮಹಡಿ ಹತ್ತಿದರೆ ಮೇಲುಸಿರು. ಮಧ್ಯಾಹ್ನಕ್ಕೆಲ್ಲ ಶಕ್ತಿ ಸೋರಿಹೋದ ಸುಸ್ತು. ಸಂಜೆಗೆ ಕಾಲು ಭಾರ. ರಾತ್ರಿ ಪಕ್ಕೆಯಲ್ಲಿ ಸಣ್ಣಗೆ ಚಳುಕು ಹೊಡೆದರೂ ಮತ್ತೆ ಅದೇ ಬಂತೇನೋ ಎಂಬ ಭಯ. ಇದು ಮನಸ್ಸಿನ ದೌರ್ಬಲ್ಯವಲ್ಲ. ಕೆನಡಾದಲ್ಲಿ ಸೂಸನ್ ಕಾನ್ ಮತ್ತು ಸಂಗಡಿಗರು ಶ್ವಾಸಕೋಶದ ಗರಣೆಯಿಂದ ಪಾರಾದ 100 ಜನರನ್ನು ಒಂದು ವರ್ಷ ಹಿಂಬಾಲಿಸಿ, ವ್ಯಾಯಾಮದ ಸಾಮರ್ಥ್ಯ ಅಳೆದರು. ವರ್ಷದ ಕೊನೆಗೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಅದು ಇರಬೇಕಾದ ಮಟ್ಟಕ್ಕಿಂತ ಕಡಿಮೆಯೇ ಇತ್ತು. ಹಾಸಿಗೆ ಹಿಡಿದಷ್ಟು ದಿನ ಸ್ನಾಯುಗಳು ಸೊರಗಿ, ಅಭ್ಯಾಸ ತಪ್ಪಿದ್ದು ಇದಕ್ಕೆ ಒಂದು ದೊಡ್ಡ ಕಾರಣವೆಂದು ಅವರಿಗೆ ಕಂಡಿತು.

ಹಾಗಾಗಿ ನಡೆಯಬೇಕು. ‘ಎದ್ದರೆ ಗಡ್ಡೆ ಹೃದಯಕ್ಕೆ ಹೋಗುತ್ತೆ, ಮಲಗಿರು’ ಎಂದು ಅತ್ತೆಯೋ ಅಕ್ಕನೋ ಹೇಳುವುದು ಪ್ರೀತಿಯಿಂದಲೇ. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಆದರೆ ಔಷಧ ಶುರುವಾಗಿ ಸ್ಥಿತಿ ಸ್ಥಿರವಾದ ಮೇಲೆ ಬೇಗ ಎದ್ದು ಓಡಾಡಿದ್ದರಿಂದ ಗರಣೆ ಕಳಚುವುದು ಹೆಚ್ಚಲಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಮೊದಲು ಮನೆಯೊಳಗೆ, ಆಮೇಲೆ ಬೀದಿಯ ತುದಿಯವರೆಗೆ, ಆಮೇಲೆ ಉದ್ಯಾನದ ಒಂದು ಸುತ್ತು. ಬಿಗಿ ಕಾಲುಚೀಲದ ವಿಷಯದಲ್ಲೂ ಅಭಿಪ್ರಾಯ ಬದಲಾಗಿದೆ. ಎರಡು ವರ್ಷ ಹಾಕಿದರೆ ಕಾಲಿಗೆ ಶಾಶ್ವತ ತೊಂದರೆ ತಪ್ಪುತ್ತದೆ ಎಂಬ ನಂಬಿಕೆಯಿತ್ತು. 2014ರಲ್ಲಿ ಪ್ರಕಟವಾದ, 800ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಅದು ಸಾಬೀತಾಗಲಿಲ್ಲ. ಹಾಕಿಕೊಂಡರೆ ಊತ ಇಳಿದು ಹಾಯೆನಿಸಿದರೆ ಹಾಕಿಕೊಳ್ಳಬಹುದು, ಅಷ್ಟೆ. ಕವಾಟಗಳು ಹಾಳಾದವರಲ್ಲಿ ಊತ, ಭಾರ, ಪಾದದ ಗಂಟಿನ ಸುತ್ತ ಚರ್ಮ ಕಪ್ಪಾಗುವುದು ವರ್ಷಗಟ್ಟಲೆ ಉಳಿಯುತ್ತದೆ. ಡಿವಿಟಿ ಆದವರಲ್ಲಿ ಐದರಲ್ಲಿ ಒಬ್ಬರಿಂದ ಎರಡರಲ್ಲಿ ಒಬ್ಬರವರೆಗೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಕಾಡುತ್ತದೆ.

ನಡುವಯಸ್ಸಿನ ಹೆಂಗಸರ ಒಂದು ಕಷ್ಟ ಯಾರ ಚೀಟಿಯಲ್ಲೂ ಬರೆದಿರುವುದಿಲ್ಲ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಸ್ರಾವ ಹೇಗೂ ಏರುಪೇರು. ಗರಣೆಯ ಮಾತ್ರೆ ಸೇರಿದರೆ ಅದು ಸುರಿಯತೊಡಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಜನರಿಗೆ ಮೊದಲೇ ರಕ್ತಹೀನತೆಯಿದೆ. ಇಂಥವರ ಸುಸ್ತಿಗೆ ಗರಣೆಯಷ್ಟೇ ಹಿಮೋಗ್ಲೋಬಿನ್ ಕೂಡ ಕಾರಣವಾಗಿರಬಹುದು. ನಾಚಿಕೆಯಿಂದ ಸುಮ್ಮನಿರುವುದು ಅಥವಾ ಹೆದರಿ ತಾವೇ ಮಾತ್ರೆ ನಿಲ್ಲಿಸುವುದು, ಎರಡೂ ಅಪಾಯ. ಹೇಳಿಕೊಂಡರೆ ಮಾತ್ರೆ ಬದಲಿಸಲು, ಕಬ್ಬಿಣಾಂಶ ಕೊಡಲು, ಸ್ರಾವ ತಗ್ಗಿಸಲು ದಾರಿಗಳಿವೆ.

ಎಷ್ಟು ದಿನ ಮಾತ್ರೆ? ಮೂರು ತಿಂಗಳಿಗೆ ಕಡಿಮೆಯಿಲ್ಲ. ಶಸ್ತ್ರಚಿಕಿತ್ಸೆ, ಪ್ಲಾಸ್ಟರ್ ಹಾಕಿದ ಕಾಲು ಇಂಥ ತಾತ್ಕಾಲಿಕ ಕಾರಣದಿಂದ ಬಂದಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಕಾರಣವೇ ಕಾಣದೆ ಬಂದಿದ್ದರೆ ಪ್ರಶ್ನೆ ಕಠಿಣ. ಮಾತ್ರೆ ನಿಲ್ಲಿಸಿದ ಮೊದಲ ವರ್ಷದಲ್ಲಿ ಇಂಥ ನೂರು ಜನರಲ್ಲಿ ಸುಮಾರು ಹತ್ತು ಮಂದಿಗೆ, ಐದು ವರ್ಷದೊಳಗೆ ಇಪ್ಪತ್ತೈದು ಮಂದಿಗೆ ಮರುಕಳಿಸುತ್ತದೆ. ಹಾಗಾಗಿ ಅನೇಕರಿಗೆ ಕಡಿಮೆ ಪ್ರಮಾಣದಲ್ಲಿ ಮಾತ್ರೆ ಮುಂದುವರಿಸುತ್ತಾರೆ. ಕಾರಣ ಕಾಣದವರಲ್ಲಿ ನೂರಕ್ಕೆ ನಾಲ್ಕೈದು ಜನರಿಗೆ ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಗುವುದೂ ಉಂಟು. ಈ ನಂಟನ್ನು 1865ರಲ್ಲೇ ವಿವರಿಸಿದ್ದ ಪ್ಯಾರಿಸ್ಸಿನ ವೈದ್ಯ ಆರ್ಮಾಂ ತ್ರೂಸೋ, ಎರಡು ವರ್ಷದ ನಂತರ ತಮ್ಮಲ್ಲೇ ಗರಣೆಯನ್ನು ಕಂಡು ತಮಗಿರುವುದು ಕ್ಯಾನ್ಸರ್ ಎಂದು ಗುರುತಿಸಿಕೊಂಡು ಅದರಿಂದಲೇ ತೀರಿಕೊಂಡರು. ಎಲ್ಲರಿಗೂ ದೊಡ್ಡ ದೊಡ್ಡ ಸ್ಕ್ಯಾನ್ ಬೇಕಾಗಿಲ್ಲ. ಆ ವಯಸ್ಸಿಗೆ ಮಾಡಿಸಬೇಕಾದ ಸ್ತನ, ಗರ್ಭಕೊರಳಿನ ತಪಾಸಣೆಯನ್ನಾದರೂ ಬಾಕಿ ಉಳಿಸಿಕೊಳ್ಳಬಾರದು.

ಮೂರು ತಿಂಗಳು ಮಾತ್ರೆ ತಪ್ಪದೆ ನುಂಗಿದ ಮೇಲೂ ಏದುಸಿರು ಹಾಗೇ ಉಳಿದಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ನೂರರಲ್ಲಿ ಎರಡು ಮೂರು ಜನರಲ್ಲಿ ಗರಣೆ ಕರಗದೆ ಗಟ್ಟಿಯಾಗಿ ಶ್ವಾಸಕೋಶದ ನಾಳದಲ್ಲೇ ಉಳಿದು, ಒತ್ತಡ ಏರಿ, ಹೃದಯದ ಬಲಭಾಗ ಸೋಲತೊಡಗುತ್ತದೆ. ಎಕೋ ಪರೀಕ್ಷೆ, ಆಮೇಲೆ ಶ್ವಾಸಕೋಶದ ವಿ.ಕ್ಯೂ. ಸ್ಕ್ಯಾನ್ ಎಂದು ವೈದ್ಯರನ್ನು ಹೆಸರು ಹಿಡಿದೇ ಕೇಳಿ. ಎದೆ ತೆರೆದು ನಾಳದ ಒಳಗೋಡೆಯಿಂದ ಆ ಹಳೆಯ ಗರಣೆಯನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಸರಿಯಾದ ಸಮಯಕ್ಕೆ ತಲುಪಿದವರಲ್ಲಿ ಅನೇಕರು ಅದರಿಂದ ಪೂರ್ತಿ ಗುಣವಾಗುತ್ತಾರೆ. ಬೆಂಗಳೂರಿನಲ್ಲೂ ಅದನ್ನು ಮಾಡುತ್ತಾರೆ.