ಕೂಗಿದ್ದು ಗಂಡೋ, ಹೆಣ್ಣೋ? ಮಕ್ಕಳೇ ಹುಡುಕಲಿ

ಬೇಸಿಗೆ ಬಂತು, ಮಾವಿನ ಮರದಿಂದ 'ಕುಹೂ... ಕುಹೂ...' ಶುರುವಾಯ್ತು. ಕೂಗಿದ್ದು ಗಂಡು ಕೋಗಿಲೆಯೋ, ಹೆಣ್ಣೋ? ಉತ್ತರ ನೀವು ಹೇಳಬೇಡಿ. ಮಕ್ಕಳ ಕೈಲೇ ಹುಡುಕಿಸಿ.

ಮೊದಲು ಪುಸ್ತಕ. ಹಕ್ಕಿಗಳ ಪುಸ್ತಕದ ಕೊನೆಯ ಪದಸೂಚಿಯಲ್ಲಿ 'ಕ' ಅಕ್ಷರ ಹಿಡಿದು ಪುಟ ತೆಗೆಯಲಿ. ಗಂಡು ಮಿರಿಮಿರಿ ಮಿಂಚುವ ಕಪ್ಪು. ಹೆಣ್ಣಿನ ಕಂದು ಮೈಮೇಲೆಲ್ಲ ಬಿಳಿ ಚುಕ್ಕೆ. ಕಣ್ಣು ಮಾತ್ರ ಎರಡಕ್ಕೂ ಕೆಂಪು.

ಆದರೆ ಚಿತ್ರ ಕೂಗಲ್ಲವಲ್ಲ! ಈಗ ಕಿವಿಯ ಸರದಿ. ಜೆನೋ-ಕ್ಯಾಂಟೋ ಜಾಲತಾಣದಲ್ಲಿ ಹಕ್ಕಿಗಳ ಧ್ವನಿಮುದ್ರಣ ಉಚಿತವಾಗಿ ಸಿಗುತ್ತೆ. ಒಮ್ಮೆ ಕಣ್ಣು ಮುಚ್ಚಿ ಕೇಳಲಿ, ಮತ್ತೊಮ್ಮೆ ಕೇಳುತ್ತಾ ಬರೆದುಕೊಳ್ಳಲಿ. ಏರುತ್ತಾ ಹೋಗುವ 'ಕುಹೂ' ಗಂಡಿನದು. ಹೆಣ್ಣಿನದು 'ಕಿಕ್-ಕಿಕ್-ಕಿಕ್' ಅನ್ನೋ ಚುರುಕು ಕೂಗು.

ಆಮೇಲೆ ನಕ್ಷೆ. ಹಕ್ಕಿ ನೋಡಿದವರು ದಾಖಲಿಸುವ ಇ-ಬರ್ಡ್ ಜಾಲತಾಣದ ನಕ್ಷೆಯಲ್ಲಿ ನಿಮ್ಮೂರಿನ ಸುತ್ತ ಕೋಗಿಲೆ ಎಲ್ಲೆಲ್ಲಿ, ಯಾವ ತಿಂಗಳು ಕಂಡಿದೆ ನೋಡಲಿ. ಇಲ್ಲೇ ಒಂದು ಪಾಠ ಇದೆ: ನಕ್ಷೆಯಲ್ಲಿ ಗುರುತಿಲ್ಲ ಅಂದರೆ ಹಕ್ಕಿಯೇ ಇಲ್ಲ ಅಂತಲ್ಲ, ನೋಡಿ ದಾಖಲಿಸಿದವರು ಇಲ್ಲದೆ ಇರಬಹುದು.

ಕೊನೆಗೆ, ಸಿಕ್ಕ ಪ್ರತಿ ಮಾಹಿತಿಯ ಬಗ್ಗೆ ಮೂರು ಪ್ರಶ್ನೆ ಕೇಳಿ. ಇದನ್ನು ಹೇಳಿದ್ದು ಯಾರು? ಯಾವಾಗ? ಇನ್ನೊಂದು ಕಡೆಯೂ ಹೀಗೇ ಇದೆಯಾ? ಉತ್ತರದ ಪಕ್ಕದಲ್ಲೇ ಅದು ಸಿಕ್ಕ ಜಾಗವನ್ನೂ ಬರೆಸಿ. ಪರೀಕ್ಷೆ ಮುಗಿದರೂ ಈ ಅಭ್ಯಾಸ ಕೈಬಿಡಲ್ಲ.