ಸಕ್ಕರೆರಹಿತ ಸಿರಪ್: ಯಾವ ಮಗುವಿಗೆ, ಎಷ್ಟು, ಹೇಗೆ?

ಮಗುವಿಗೆ ಜ್ವರವೋ ಕಿವಿನೋವೋ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೈಗೆ ಬರುವುದು ಪ್ಯಾರಾಸಿಟಮಾಲ್ ಸಿರಪ್ಪಿನ ಸೀಸೆ. ಈ ಔಷಧದ ಸಹಜ ರುಚಿ ಕಹಿ. ಅದನ್ನು ಮರೆಮಾಚಲೆಂದೇ ಸಕ್ಕರೆಯ ಪಾಕದಲ್ಲಿ ಬೆರೆಸುತ್ತಾರೆ. ಔಷಧಶಾಸ್ತ್ರದಲ್ಲಿ ಸರಳ ಸಿರಪ್ ಎನಿಸಿದ ಪಾಕದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಅಂಗಡಿಯಲ್ಲಿ ದೊರೆಯುವ ಸಿದ್ಧ ಔಷಧದಲ್ಲಿ ಅದು ಕಡಿಮೆಯಿದ್ದರೂ 5 ಮಿ.ಲೀ. ಪ್ರಮಾಣದಲ್ಲಿ ಎರಡು ಮೂರು ಗ್ರಾಂ ಸಕ್ಕರೆ ಇರಬಹುದು. ಆರೋಗ್ಯವಂತ ಮಗುವಿಗೆ ಎರಡು ದಿನದ ಜ್ವರದಲ್ಲಿ ಇದರಿಂದ ಬಾಧೆಯೇನೂ ಇಲ್ಲ. ಹಬ್ಬದ ಒಂದು ಹೋಳಿಗೆಯಲ್ಲಿ ಇದಕ್ಕಿಂತ ಹೆಚ್ಚು ಬೆಲ್ಲವಿರುತ್ತದೆ. ಸಕ್ಕರೆಯಿಲ್ಲದ ಔಷಧವೇ ಎಲ್ಲ ಮಕ್ಕಳಿಗೂ ಶ್ರೇಷ್ಠವೆಂದು ನಾವು ಹೇಳಲಾರೆವು.

ಆದರೆ ಕೆಲವು ಮಕ್ಕಳ ವಿಷಯ ಬೇರೆ. ಮೊದಲನೆಯದು ಇನ್ಸುಲಿನ್ ಪಡೆಯುತ್ತಿರುವ ಮಧುಮೇಹಿ ಮಕ್ಕಳು. ಇಲ್ಲಿ ಹಿರಿಯರ ಪ್ರೀತಿಯೇ ತಪ್ಪುದಾರಿ ಹಿಡಿಯುವುದುಂಟು. ಸಿಹಿ ಸಿರಪ್ ಆಗದೆಂದು ಔಷಧವನ್ನೇ ತಡೆಯುವುದು ಒಂದು ತಪ್ಪು; ಮಗು ರೊಟ್ಟಿ ಮುಟ್ಟಲಿಲ್ಲವೆಂದು ಇನ್ಸುಲಿನ್ ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಜ್ವರವು ತಾನೇ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇನ್ಸುಲಿನ್ ನಿಂತರೆ ರಕ್ತದಲ್ಲಿ ಆಮ್ಲ ಸೇರಿ, ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಎರವಾಗಬಹುದು. ಮೂರು ನಾಲ್ಕು ತಾಸಿಗೊಮ್ಮೆ ಸಕ್ಕರೆ ಪರೀಕ್ಷಿಸಿ, ವೈದ್ಯರನ್ನು ಕೇಳಿ ಇನ್ಸುಲಿನ್ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಸಕ್ಕರೆರಹಿತ ಸಿರಪ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒಂದು ಸಲದ ಸಾದಾ ಸಿರಪ್ಪಿಗಿಂತ ಚಿಕಿತ್ಸೆಯಿಲ್ಲದ ಜ್ವರವೇ ಹೆಚ್ಚು ತೊಂದರೆ ಕೊಡುತ್ತದೆ.

ಎರಡನೆಯದು, ತಿಂಗಳುಗಟ್ಟಲೆ ದ್ರವೌಷಧ ಸೇವಿಸುವ ಮಕ್ಕಳ ಹಲ್ಲು. ದೀರ್ಘಕಾಲ ಸಕ್ಕರೆಯ ಸಿರಪ್ ಸೇವಿಸಿದ ಮಕ್ಕಳಲ್ಲಿ, ಮಾತ್ರೆ ನುಂಗಿದವರಿಗಿಂತ ಹುಳುಕು ಹೆಚ್ಚೆಂದು 1979ರಲ್ಲಿಯೇ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತ್ತು. ಮಲಗುವಾಗ ಕೊಟ್ಟ ಔಷಧ ವಿಶೇಷವಾಗಿ ಕೆಡುಕು, ಏಕೆಂದರೆ ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗಿ ಸಿಹಿ ಹಲ್ಲಿನ ಮೇಲೆಯೇ ನಿಲ್ಲುತ್ತದೆ. ಔಷಧ ಕೊಟ್ಟ ಮೇಲೆ ಎರಡು ಗುಟುಕು ನೀರು ಕುಡಿಸಿದರೂ ಎಷ್ಟೋ ಲಾಭ. ಅಪಸ್ಮಾರಕ್ಕಾಗಿ ಕೊಬ್ಬುಪ್ರಧಾನ ಕೀಟೋಜೆನಿಕ್ ಪಥ್ಯದಲ್ಲಿರುವ ಮಕ್ಕಳು ಮೂರನೆಯವರು. ಅವರ ಪ್ರತಿಯೊಂದು ಔಷಧವನ್ನೂ ಚಿಕಿತ್ಸೆ ನೀಡುವ ವೈದ್ಯರಿಗೆ ತೋರಿಸಬೇಕು.

ಇನ್ನು ಇಂತಹ ಸೀಸೆಯನ್ನು ಗುರುತಿಸುವ ಬಗೆ. ಹೊದಿಕೆಯ ಮೇಲೆ ಔಷಧದ ಪ್ರಮಾಣದ ಕೆಳಗೆ ‘ಫ್ಲೇವರ್ಡ್ ಸಿರಪಿ ಬೇಸ್’ ಎಂದಿದ್ದರೆ ಸಕ್ಕರೆ ಇದೆಯೆಂದೇ ತಿಳಿಯಬೇಕು. ‘ಶುಗರ್ ಫ್ರೀ’ ಎಂದು ಸ್ಪಷ್ಟವಾಗಿ ಅಚ್ಚಾಗಿದ್ದರೆ ಮಾತ್ರ ನಂಬಬೇಕು. ‘ಸಸ್ಪೆನ್ಷನ್’ ಎಂದಾಕ್ಷಣ ಸಕ್ಕರೆರಹಿತವಲ್ಲ. ಅದರರ್ಥ ಕುಲುಕಿ ಕೊಡಬೇಕೆಂದಷ್ಟೇ. ಸಕ್ಕರೆಯ ಬದಲಿಗೆ ಸಾರ್ಬಿಟಾಲ್, ಗ್ಲಿಸರಿನ್, ಸುಕ್ರಲೋಸ್, ಆಸ್ಪರ್ಟೇಮ್ ಮುಂತಾದವನ್ನು ಬಳಸುತ್ತಾರೆ. ಸಾರ್ಬಿಟಾಲ್ ಹೆಚ್ಚಾದರೆ ಭೇದಿಯಾಗುತ್ತದೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಜನ್ಮಜಾತ ದೋಷವಿದ್ದ ಮಕ್ಕಳಿಗೆ ಆಸ್ಪರ್ಟೇಮ್ ಸಲ್ಲದು.

ನೆಲೋಗಿಯಂತಹ ಊರಿನಲ್ಲಿ ಬೇಕೆಂದಾಗ ಇದು ಸಿಗದಿರಬಹುದು. ಮಧುಮೇಹಿ ಮಗುವಿರುವ ಮನೆಯವರು ಜೇವರ್ಗಿಗೋ ಕಲಬುರಗಿಗೋ ಹೋದಾಗ ವೈದ್ಯರ ಚೀಟಿಯಲ್ಲಿಯೇ ‘ಸಕ್ಕರೆರಹಿತ’ ಎಂದು ಬರೆಸಿಕೊಂಡು, ಒಂದು ಸೀಸೆ ತಂದಿಟ್ಟುಕೊಳ್ಳುವುದು ಲೇಸು. ನಡುರಾತ್ರಿ ಜ್ವರ ಏರಿದ ಮೇಲೆ ಹುಡುಕುವ ವಸ್ತುವಲ್ಲ ಅದು.

ಹೊಸ ಸೀಸೆ ಬಂದಾಗ ಸಕ್ಕರೆಗಿಂತ ಮುಖ್ಯವಾಗಿ ನೋಡಬೇಕಾದದ್ದು ಔಷಧದ ಬಲ. ಪ್ಯಾರಾಸಿಟಮಾಲ್ ದ್ರವವು 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವಂತೆ, 250 ಮಿ.ಗ್ರಾಂ ಇರುವಂತೆ ಬರುತ್ತದೆ. ಶಿಶುಗಳ ಹನಿಯೌಷಧದಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಒಂದು ಸಲದ ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ. 12 ಕಿಲೋ ಮಗುವಿಗೆ ಇದು 120ರಿಂದ 180 ಮಿ.ಗ್ರಾಂ. ಅಂದರೆ 125ರ ಸೀಸೆಯಿಂದ 5 ಮಿ.ಲೀ. ಸರಿ, 250ರ ಸೀಸೆಯಿಂದ 2.5 ಮಿ.ಲೀ. ಸಾಕು. ರೂಢಿಯಂತೆ ಹನಿಯೌಷಧವನ್ನೂ 5 ಮಿ.ಲೀ. ಕುಡಿಸಿದರೆ ಹೊಟ್ಟೆಗೆ ಹೋದದ್ದು 500 ಮಿ.ಗ್ರಾಂ! ಎರಡು ಪ್ರಮಾಣಗಳ ನಡುವೆ ಕನಿಷ್ಠ ನಾಲ್ಕು ತಾಸಿನ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರದಿರಲಿ. ಮೀರಿದರೆ ಕೆಡುವುದು ಯಕೃತ್ತು, ಅದೂ ಮೊದಲ ದಿನ ಯಾವ ಸುಳಿವೂ ಕೊಡದೆ. ಅಡುಗೆಮನೆಯ ಚಮಚ ಬೇಡ. ಸೀಸೆಯೊಡನೆ ಬಂದ ಅಳತೆಯ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯ ಔಷಧವೇ ಬೇಡ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ದ್ರವವೇ ಸಿಗದಿದ್ದರೆ ಮಾತ್ರೆಯುಂಟು. ಸುಮಾರು 17ರಿಂದ 25 ಕಿಲೋ ತೂಕದ ಮಗುವಿಗೆ 500 ಮಿ.ಗ್ರಾಂ ಸಾದಾ ಮಾತ್ರೆಯ ಅರ್ಧವನ್ನು ಪುಡಿಮಾಡಿ, ನೀರಿನಲ್ಲಿ ಕದಡಿ ಕೊಡಬಹುದು. ಕಹಿಯೆಂದು ಅದಕ್ಕೆ ಬೆಲ್ಲವೋ ಜೇನೋ ಸೇರಿಸಿದರೆ ಬಂದ ದಾರಿಗೆ ಸುಂಕವಿಲ್ಲ. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ನಿಷಿದ್ಧ. ವಾಂತಿ ಮಾಡುವ ಮಗುವಿಗೆ ಗುದದ್ವಾರದಲ್ಲಿ ಇಡುವ ಗುಳಿಗೆಯೂ ಇದೆ. ಅದರಲ್ಲಿ ಸಕ್ಕರೆಯ ಪ್ರಶ್ನೆಯೇ ಇಲ್ಲ.

ಐಬುಪ್ರೊಫೆನ್ ಕೂಡ ಸಕ್ಕರೆರಹಿತವಾಗಿ ಬರುತ್ತದೆ. ಆದರೆ ನಮ್ಮ ಭಾಗದ ಬೇಸಿಗೆಯಲ್ಲಿ, ವಾಂತಿಭೇದಿಯಿಂದ ಬಳಲಿ ಮೈಯ ನೀರು ಆರಿದ ಮಗುವಿಗೆ ಅದು ಮೂತ್ರಪಿಂಡವನ್ನು ಕೆಡಿಸಬಹುದು. ಡೆಂಗಿಯ ಶಂಕೆಯಿದ್ದರೆ ರಕ್ತಸ್ರಾವದ ಭಯದಿಂದ ಅದೂ ಆಸ್ಪಿರಿನ್ನೂ ವರ್ಜ್ಯ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ ನಮ್ಮ ದೇಶದಲ್ಲಿ 2011ರಿಂದಲೇ ನಿಷೇಧಿತ. ಹಳೆಯ ಚೀಟಿ ತೋರಿಸಿ ಅದನ್ನು ತರುವವರು ಎಚ್ಚರ ವಹಿಸಬೇಕು.

ಖರೀದಿಸುವಾಗ ರಸೀದಿ ಕೇಳಿ ಪಡೆಯಬೇಕೆಂಬುದಕ್ಕೆ ಕಾರಣವುಂಟು. 1995–96ರಲ್ಲಿ ಹೈಟಿ ದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್‌ನಿಂದ ತಯಾರಾದ ಪ್ಯಾರಾಸಿಟಮಾಲ್ ಸಿರಪ್ ಎಂಬತ್ತಕ್ಕೂ ಹೆಚ್ಚು ಮಕ್ಕಳ ಪ್ರಾಣ ತೆಗೆಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ಪಿನಿಂದ ಮಕ್ಕಳು ಸತ್ತದ್ದೂ ಇದೇ ವಿಷದಿಂದ. ಈ ವಿಷಕ್ಕೂ ಸಿಹಿಯ ರುಚಿಯೇ ಇದೆ, ನಾಲಗೆ ಅದನ್ನು ಹಿಡಿಯಲಾರದು. ಆದ್ದರಿಂದ ಬ್ಯಾಚ್ ಸಂಖ್ಯೆಯಿರುವ ರಸೀದಿಯನ್ನು ಸೀಸೆ ಮುಗಿಯುವವರೆಗೆ ಇಟ್ಟುಕೊಳ್ಳಿ. ಔಷಧ ಕುಡಿದ ಮಗುವಿನ ಮೂತ್ರ ನಿಂತರೆ ಆ ಸೀಸೆಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸಿ.