ಕಾಂಡ್ಲಾ ಉಳಿದರೆ ಕಟ್ಟೆ, ಕಟ್ಟೆ ಉಳಿದರೆ ಕಗ್ಗ

ಕುಮಟಾ: ಮಳೆಗಾಲ ಬಂತೆಂದರೆ ಅಘನಾಶಿನಿ ಅಳಿವೆಯ ಬದಿಯ ರೈತನಿಗೆ ಎರಡು ಕಡೆಯಿಂದ ನೀರಿನ ಹೆದರಿಕೆ. ಮೇಲಿನಿಂದ ಘಟ್ಟದ ನೆರೆ, ಕೆಳಗಿನಿಂದ ಸಮುದ್ರದ ಭರತಿ. ಎರಡೂ ಒಂದೇ ಹೊತ್ತಿಗೆ ಎದುರುಬದುರಾದರೆ ನಡುವೆ ಸಿಕ್ಕವನ ಗತಿ ಕೇಳುವುದೇ ಬೇಡ. ಹೊಳೆಯ ನೀರು ಹೊರಗೆ ಹೋಗಲಾರದು, ಕಡಲ ನೀರು ಒಳಗೆ ಬಾರದೆ ಇರದು.

ಇದಕ್ಕೆ ಮದ್ದೇನು ಎಂದರೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಕಲ್ಲು ಹಾಕಿಸಿ, ಗೋಡೆ ಕಟ್ಟಿಸಿ. ಲಾರಿಗಟ್ಟಲೆ ಬಂಡೆ ಬಂದು ಬಿತ್ತೆಂದರೆ ಕೆಲಸವೂ ಆಯಿತು, ಬಿಲ್ಲೂ ಆಯಿತು. ಆದರೆ ಇದೇ ಹೊಳೆಯ ದಂಡೆಯಲ್ಲಿ ಅದಕ್ಕಿಂತ ಹಳೆಯ ಮದ್ದೊಂದಿದೆ. ಕೆಸರಿನಲ್ಲಿ ಕಾಲೂರಿ ನಿಂತ ಕಾಂಡ್ಲಾ ಗಿಡ, ಅದರ ಹಿಂದೆ ಮಣ್ಣಿನ ಕಟ್ಟೆ, ಕಟ್ಟೆಗೊಂದು ಹಲಗೆಯ ಬಾಗಿಲು, ಬಾಗಿಲ ಒಳಗೆ ಕಗ್ಗದ ಗದ್ದೆ. ಪರದೇಶದ ಪಂಡಿತರು ಈಗ 'ಪ್ರಕೃತಿ ಆಧಾರಿತ ಪರಿಹಾರ' ಎಂದು ದೊಡ್ಡ ಹೆಸರಿಟ್ಟು ಹೇಳುವುದನ್ನು ಇಲ್ಲಿಯ ರೈತರು ಹೆಸರೇ ಇಡದೆ ಮಾಡಿಕೊಂಡು ಬಂದಿದ್ದರು.

ಬಂದಿದ್ದರು. ಈಗ? ಅದೇ ಇಲ್ಲಿಯ ವಿಷಯ.

ಗಜನಿ ಎಂದರೆ

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಸಿಹಿನೀರು, ಘಟ್ಟದ ಹೂಳು ಎರಡೂ ನೇರ ಅಳಿವೆಗೆ ಬರುತ್ತವೆ. ಒಂದು ಮಗ್ಗುಲಲ್ಲಿ ಅಘನಾಶಿನಿ ಊರು, ಇನ್ನೊಂದು ಮಗ್ಗುಲಲ್ಲಿ ತದಡಿ. ನಡುವೆ ಹೊಳೆ ಸಮುದ್ರ ಸೇರುತ್ತದೆ. ಒಳಗಡೆ ಹೊಳೆ ಅಗಲವಾಗಿ ಹರಡಿಕೊಂಡ ಕಡೆ ತಗ್ಗಿನ ಗದ್ದೆಗಳು. ಅವೇ ಗಜನಿ. ಮಾಣಿಕಟ್ಟಾ ಗಜನಿಯ ಹೆಸರು ಕೇಳದವರು ತಾಲೂಕಿನಲ್ಲಿ ಕಡಿಮೆ.

ಗಜನಿಯ ಲೆಕ್ಕ ಸರಳ. ಮಳೆ ಶುರುವಾದಾಗ ಕಟ್ಟೆಯ ಬಾಗಿಲು, ಅಂದರೆ ಜಂತ್ರಡಿ, ಇಳಿತದ ಹೊತ್ತಿಗೆ ತೆಗೆದು ಒಳಗಿನ ಉಪ್ಪು ತೊಳೆದು ಹೋಗಲು ಬಿಡುತ್ತಾರೆ. ಭರತಿ ಬರುವ ಮುಂಚೆ ಹಲಗೆ ಹಾಕುತ್ತಾರೆ. ಮಣ್ಣಿನ ಉಪ್ಪು ಇಳಿದ ಮೇಲೆ ಕಗ್ಗದ ಬೀಜ. ಕಗ್ಗ ಎತ್ತರಕ್ಕೆ ಬೆಳೆಯುವ ಭತ್ತ. ಉಪ್ಪು ತಾಳುತ್ತದೆ, ಕೆಲವು ದಿನ ನೆರೆ ನಿಂತರೂ ಸಾಯುವುದಿಲ್ಲ. ಗೊಬ್ಬರ ಬೇಡ, ಔಷಧ ಬೇಡ. ಕರಿ ಕಗ್ಗ, ಬಿಳಿ ಕಗ್ಗ ಎಂದು ಅದರಲ್ಲೂ ಬಗೆಗಳಿವೆ.

ಕೊಯ್ಲು ಮುಗಿದ ಮೇಲೆ ಬಾಗಿಲ ಕೆಲಸ ತಿರುಗುಮುರುಗು. ಉಪ್ಪುನೀರು ಒಳಗೆ ಬಿಟ್ಟರೆ ಅದರ ಜೊತೆ ಶೆಟ್ಲಿ, ಮೀನಿನ ಮರಿಗಳೂ ಬರುತ್ತವೆ. ಗದ್ದೆಯಲ್ಲಿ ಕೊಳೆತ ಕೂಳೆಯೇ ಅವಕ್ಕೆ ಆಹಾರ. ಹೀಗೆ ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು. ಗೋವೆಯ ಖಜಾನ ಭೂಮಿ, ಕೇರಳದ ಪೊಕ್ಕಾಳಿ ಗದ್ದೆ ಇವೆಲ್ಲ ಇದರ ಅಣ್ಣತಮ್ಮಂದಿರೇ.

ನೆರೆಯ ಮಟ್ಟಿಗೆ ಇದರ ಉಪಕಾರ ಬಹಳ ಜನಕ್ಕೆ ಗೊತ್ತಿಲ್ಲ. ಹೊಳೆ ಉಕ್ಕಿದಾಗ ನೀರಿಗೆ ಎಲ್ಲಾದರೂ ಜಾಗ ಬೇಕಷ್ಟೆ? ಗಜನಿ ಆ ಜಾಗ. ಅಲ್ಲಿ ನಾಲ್ಕು ದಿನ ನೀರು ನಿಂತರೆ ಕಗ್ಗ ತಡೆದುಕೊಳ್ಳುತ್ತದೆ. ಅದೇ ತಗ್ಗಿಗೆ ಕೆಂಪು ಮಣ್ಣು ಸುರಿದು ಸೈಟು ಮಾಡಿದರೆ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಮನೆಯ ಅಂಗಳಕ್ಕೆ! ಪೇಟೆಗಳಲ್ಲಿ ಮಳೆ ಬಂದಾಗ ರಸ್ತೆಯೇ ಹೊಳೆಯಾಗುವ ಗುಟ್ಟೂ ಇದೇ.

ಸರಕಾರದ ಕಟ್ಟೆ ಬಂತು

ಹಿಂದೆ ಕಟ್ಟೆ ಊರವರದ್ದು. ಮಳೆಗೆ ಮುಂಚೆ ಮನೆಗೊಬ್ಬರಂತೆ ಹೋಗಿ ಮಣ್ಣು ಮೆತ್ತಿ ಬರುತ್ತಿದ್ದರು. ಕಟ್ಟೆಯ ಹೊರಮೈಗೆ ಕಾಂಡ್ಲಾ ಇರುತ್ತಿತ್ತು. ಅಲೆಯ ಹೊಡೆತ ಮೊದಲು ಅದಕ್ಕೆ, ಆಮೇಲೆ ಕಟ್ಟೆಗೆ.

1970ರ ದಶಕದಲ್ಲಿ ಸರಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆ ಕಟ್ಟಲು ಹೊರಟಿತು. ಉದ್ದೇಶ ಒಳ್ಳೆಯದೇ. ಆದರೆ ಕಟ್ಟೆ ಕಟ್ಟುವ ಗಡಿಬಿಡಿಯಲ್ಲಿ ಅದರ ಮುಂದೆ ನಿಂತಿದ್ದ ಕಾಂಡ್ಲಾ ಹೋಯಿತು. ಕಲ್ಲಿನ ಕಟ್ಟೆ ಇರುವಾಗ ಗಿಡ ಯಾಕೆ ಎಂದು ಲೆಕ್ಕ. ಅದರ ಜೊತೆ ಇನ್ನೊಂದೂ ಹೋಯಿತು: ಊರವರ ಮೈಗೆಲಸ. 'ಕಟ್ಟೆ ಯಾರದು? ಸರಕಾರದ್ದು. ಒಡೆದರೆ? ಸರಕಾರವೇ ಕಟ್ಟಲಿ' ಎನ್ನುವ ಮಾತು ಶುರುವಾಯಿತು. ಕಟ್ಟೆಯಲ್ಲಿ ಏಡಿ ತೋಡಿದ ತೂತು ಮುಚ್ಚಲು ಮುಷ್ಟಿ ಮಣ್ಣು ಸಾಕು. ಆದರೆ ಅದಕ್ಕೆ ಟೆಂಡರ್ ಕರೆಯಬೇಕೆಂದರೆ ತೂತು ಕಾಯುತ್ತದೆಯೆ?

ಬೇರಿನ ಕೆಲಸ

ಕಾಂಡ್ಲಾ ಮಾಡುವುದಾದರೂ ಏನು? ಅದರ ಬೇರುಗಳು ಕಾಂಡದಿಂದಲೇ ಕಮಾನಿನಂತೆ ಇಳಿದು ಕೆಸರಿನಲ್ಲಿ ಊರುತ್ತವೆ. ಉಪ್ಪಟ್ಟಿಯ ಬೇರು ಕೆಸರಿನಿಂದ ಮೇಲೆ ಮೊಳೆಯಂತೆ ಎದ್ದು ಉಸಿರಾಡುತ್ತವೆ. ಈ ಬೇರಿನ ಜಾಲದಲ್ಲಿ ನೀರಿನ ಓಟ ನಿಧಾನವಾಗುತ್ತದೆ, ಹೂಳು ಕೂತುಕೊಳ್ಳುತ್ತದೆ, ನೆಲ ಏರುತ್ತದೆ. ಕಾಂಡ್ಲಾ ಕೋಡು ಮರದಲ್ಲೇ ಮೊಳಕೆಯೊಡೆದು ಈಟಿಯಂತೆ ಕೆಸರಿಗೆ ಬಿದ್ದು ಬೇರೂರುತ್ತದೆ. ಬೇರೆ ಬೇರೆ ದೇಶಗಳ ಅಳತೆಗಳನ್ನು ಒಟ್ಟು ಮಾಡಿ ವಿಜ್ಞಾನಿಗಳು 2012ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 100 ಮೀಟರ್ ಅಗಲದ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ನೂರಕ್ಕೆ 13ರಿಂದ 66ರಷ್ಟು ತಗ್ಗಿಸುತ್ತದೆ. ಗಿಡ ಎಷ್ಟು ದಟ್ಟ, ನೀರು ಎಷ್ಟು ಆಳ ಎನ್ನುವುದರ ಮೇಲೆ ಹೆಚ್ಚುಕಡಿಮೆ.

ಕಲ್ಲಿನ ಗೋಡೆ ಅಲೆಯನ್ನು ತಡೆಯುತ್ತದೆ, ನಿಜ. ಆದರೆ ತಡೆದ ಅಲೆ ಗೋಡೆಯ ಬುಡದ ಮರಳನ್ನು ಕೊರೆಯುತ್ತದೆ, ಗೋಡೆ ಮುಗಿದ ತುದಿಯಲ್ಲಿ ಪಕ್ಕದವನ ದಂಡೆ ತಿನ್ನುತ್ತದೆ. ಗೋಡೆ ಕಟ್ಟಿದ ದಿನದಿಂದ ಕುಸಿಯುತ್ತ ಹೋಗುತ್ತದೆ, ಕಾಂಡ್ಲಾ ನೆಟ್ಟ ದಿನದಿಂದ ಬೆಳೆಯುತ್ತ ಹೋಗುತ್ತದೆ.

ಹಾಗೆಂದು ಕಾಂಡ್ಲಾ ಮಂತ್ರದ ಗಿಡವೇನಲ್ಲ. 2019ರ ಆಗಸ್ಟಿನಲ್ಲಿ ಜಿಲ್ಲೆಯ ಹೊಳೆಗಳು ಉಕ್ಕಿದಂತೆ ಘಟ್ಟದಿಂದ ನೀರು ಬಂದರೆ ಅದನ್ನು ಯಾವ ಗಿಡವೂ ನಿಲ್ಲಿಸಲಾರದು. ತೆರೆದ ಸಮುದ್ರದ ಮರಳ ದಂಡೆಯಲ್ಲಿ ಅದು ಬೆಳೆಯುವುದೂ ಇಲ್ಲ. ಅದರ ಜಾಗ ಅಳಿವೆಯ ಕೆಸರು, ಅದರ ಕೆಲಸ ಕಟ್ಟೆ ಕಾಯುವುದು.

ಈ ಕೆಲಸ ಮುಂದೆ ಹೆಚ್ಚಲಿದೆ. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರೊಳಗೆ ಸರಾಸರಿ 20 ಸೆಂಟಿಮೀಟರ್, ಸುಮಾರು ಒಂದು ಗೇಣು, ಏರಿದೆ. 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರಿನ ಲೆಕ್ಕದಲ್ಲಿ ಏರಿತು. ಇದನ್ನು ಹೇಳಿದವರು ವಿಶ್ವಸಂಸ್ಥೆಯ ಹವಾಮಾನ ಸಮಿತಿಯವರು. ಗಜನಿಯಂಥ ತಗ್ಗಿನ ನೆಲಕ್ಕೆ ಒಂದು ಗೇಣು ಸಣ್ಣ ಮಾತಲ್ಲ.

ನೆಟ್ಟವರೂ ಇದ್ದಾರೆ

ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬ ಕೃಷಿ ಕೂಲಿಕಾರ 1989ರಲ್ಲಿ ಪಳಯಂಗಾಡಿ ಹೊಳೆಯ ಬದಿಯಲ್ಲಿ ಒಬ್ಬನೇ ಕಾಂಡ್ಲಾ ನೆಡಲು ಶುರು ಮಾಡಿದ. ನಕ್ಕವರಿದ್ದರು, ಗಿಡ ಕಿತ್ತೆಸೆದವರೂ ಇದ್ದರು. 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನ ಹೆಸರು ಕೇರಳದಾಚೆಗೂ ಹೋಗಿತ್ತು.

ಇಲ್ಲಿ ಅರಣ್ಯ ಇಲಾಖೆಯೂ ಅಳಿವೆಯಲ್ಲಿ ಕಾಂಡ್ಲಾ ನೆಡಿಸಿದೆ. ಕೇಂದ್ರ ಸರಕಾರ 2023ರಲ್ಲಿ 'ಮಿಷ್ಟಿ' ಎಂಬ ಯೋಜನೆ ತಂದು ದೇಶದ ಕರಾವಳಿಯಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಬೆಳೆಸುವ ಗುರಿ ಇಟ್ಟಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರಿಗೆ ರಾಮ್ಸಾರ್ ಪಟ್ಟ ಸಿಕ್ಕಿತು. ಎಕರೆಯಲ್ಲಿ ಹೇಳುವುದಾದರೆ ಹನ್ನೊಂದು ಸಾವಿರದ ಮೇಲೆ. ಮೀನು, ಬಳಚು, ಏಡಿ, ಗಜನಿ ಭತ್ತ, ಉಪ್ಪು ಎಂದು ಈ ಅಳಿವೆಯನ್ನು ನಂಬಿ 6,000ದಿಂದ 7,500 ಕುಟುಂಬಗಳಿವೆ ಎಂದು ಆ ದಾಖಲೆಯೇ ಹೇಳುತ್ತದೆ. ಇದೇ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಹಾಕಲು ಹೊರಟು, ಜನ ಎದುರು ನಿಂತು, ಅದು ಬಿದ್ದುಹೋದದ್ದೂ ಹಳೆಯ ಕಥೆಯೇನಲ್ಲ.

ಅಂದಮೇಲೆ ಎಲ್ಲ ಸರಿಹೋಯಿತೆ? ಇಲ್ಲ.

ಬಾಗಿಲು ಯಾರ ಕೈಲಿ?

1990ರ ದಶಕದಲ್ಲಿ ಶೆಟ್ಲಿಗೆ ಪರದೇಶದ ದರ ಬಂತು. ಗಜನಿಗಳನ್ನು ಗುತ್ತಿಗೆಗೆ ಹಿಡಿಯುವವರು ಬಂದರು. ಶೆಟ್ಲಿಯವನಿಗೆ ಉಪ್ಪುನೀರು ಬೇಕು, ಕಗ್ಗದವನಿಗೆ ಸಿಹಿನೀರು ಬೇಕು. ಬಾಗಿಲು ಒಂದೇ! ದುಡ್ಡಿದ್ದವನ ಕೈಗೆ ಬಾಗಿಲು ಹೋಯಿತು. ಉಪ್ಪು ತೊಳೆಯುವ ಹೊತ್ತಿಗೆ ಬಾಗಿಲು ತೆಗೆಯದಿದ್ದರೆ ಕಗ್ಗವಾದರೂ ಎಷ್ಟು ತಾಳೀತು? ಎಷ್ಟೋ ಗದ್ದೆ ಬೀಳುಬಿದ್ದವು. ಬಿಳಿಚುಕ್ಕೆ ರೋಗ ಬಂದು ಶೆಟ್ಲಿಯೂ ಸತ್ತಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಶೆಟ್ಲಿ ಕೆರೆಗಳ ಮೇಲೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಆದರೆ ಬೀಳುಬಿದ್ದ ಗದ್ದೆ ತೀರ್ಪಿನಿಂದ ಹಸಿರಾಗುವುದಿಲ್ಲ.

ಇನ್ನೊಂದು ಅಂಜಿಕೆ ಕಾಂಡ್ಲಾದ್ದೇ. ಬೀಳುಬಿದ್ದ ಗಜನಿಯೊಳಗೆ ಅದು ತಾನೇ ಹುಟ್ಟಿಕೊಳ್ಳುತ್ತದೆ. ಕಾಂಡ್ಲಾ ಕಡಿಯುವಂತಿಲ್ಲ ಎಂದು ಕರಾವಳಿ ಕಾಯಿದೆ. ಅದು ಇರಬೇಕಾದದ್ದೇ. ಆದರೆ 'ಗಿಡ ಬಂತು, ನಾಳೆ ಇದು ಕಾಡು ಎಂದು ಬೇಲಿ ಹಾಕಿದರೆ ಅಜ್ಜನ ಕಾಲದ ಗದ್ದೆ ಎಲ್ಲಿ ಹುಡುಕುವುದು' ಎಂದು ರೈತ ಹೆದರಿದರೆ ಅದು ಅವನ ತಪ್ಪೆ? ಹೆದರಿದ ರೈತ ಗಿಡ ಕಾಯುವುದಿಲ್ಲ, ಸಸಿ ಇದ್ದಾಗಲೇ ಕೀಳುತ್ತಾನೆ.

ಆದ್ದರಿಂದ ಗಿಡ ನೆಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸಗಳಿವೆ. ಕಟ್ಟೆಯ ಹೊರಗೆ ಕಾಂಡ್ಲಾ, ಒಳಗೆ ಗದ್ದೆ ಎಂದು ಗಡಿ ಗುರುತಿಸಿ ರೈತನ ಕೈಗೆ ಕಾಗದ ಕೊಡಬೇಕು. ಬಾಗಿಲು ಯಾವ ತಿಂಗಳು ತೆಗೆಯಬೇಕು, ಯಾವ ತಿಂಗಳು ಹಾಕಬೇಕು ಎನ್ನುವುದು ಗುತ್ತಿಗೆದಾರನ ಮರ್ಜಿಯಲ್ಲಿರದೆ ಗಜನಿಯ ರೈತರೆಲ್ಲರ ಸಭೆಯಲ್ಲಿ ತೀರ್ಮಾನವಾಗಬೇಕು. ಕಟ್ಟೆಯ ಸಣ್ಣ ದುರಸ್ತಿಯ ಹಣ ಮಳೆಗೆ ಮೊದಲೇ ಆ ಸಭೆಯ ಕೈಗೆ ಬರಬೇಕು. ಕಗ್ಗಕ್ಕೆ ದರ ಸಿಗಬೇಕು. ದರವಿಲ್ಲದ ಭತ್ತವನ್ನು ಊರ ನೆರೆ ತಡೆಯಲಿಕ್ಕೆಂದು ಯಾರೂ ಬೆಳೆಯುವುದಿಲ್ಲ.

ಇದರಲ್ಲಿ ಯಾವುದಕ್ಕೂ ಲಾರಿಗಟ್ಟಲೆ ಕಲ್ಲು ಬೇಡ. ಬಹುಶಃ ಅದಕ್ಕೇ ಯಾರಿಗೂ ಅವಸರವಿಲ್ಲ. ಗಿಡ ನೆಟ್ಟ ಫೋಟೋ ಒಂದು ದಿನದ ಪೇಪರಿಗೆ ಸಾಕು. ಬಾಗಿಲ ಬಳಿ ಮಾತ್ರ ದಿನಕ್ಕೆ ಎರಡು ಸಲ ಭರತಿ ಬರುತ್ತದೆ, ಎರಡು ಸಲವೂ ಅಲ್ಲಿ ಒಬ್ಬ ಆಳು ಇರಬೇಕು.